ಮೆಕ್ಸಿಕೋದ ಟೋರ್ಟಿಯಾ ಸೂಪ್, ಫಿದೇಯೊ ಸೂಪ್: ಮನೆಯಲ್ಲಿ ಆ ರುಚಿ ತರೋದು ಹೇಗೆ?

ಕೊತ್ತಂಬರಿ ಕಟ್ಟು (ಹ್ಯೂಸ್ಟನ್)

ಎಲ್ಲರಿಗೂ ನಮಸ್ಕಾರ. ಮೆಕ್ಸಿಕೋದ ಎರಡು ಸೂಪ್‌ಗಳ ಬಗ್ಗೆ ಕೇಳಬೇಕಿತ್ತು. ಒಂದು ಸೋಪಾ ದೆ ಟೋರ್ಟಿಯಾ, ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿ ಹಾಕಿದ ಸೂಪ್. ಇನ್ನೊಂದು ಸೋಪಾ ದೆ ಫಿದೇಯೊ, ಅಂದರೆ ಶಾವಿಗೆ ಸೂಪ್. ಇಲ್ಲಿನ ಹೋಟೆಲ್‌ಗಳಲ್ಲಿ ಟೋರ್ಟಿಯಾ ಸೂಪ್ ಅಂತ ಕೊಡುವುದು ಗಟ್ಟಿಯಾಗಿ ಇರುತ್ತದೆ. ಚೀಸ್ ಜಾಸ್ತಿ, ಕಪ್ಪು ಬೀನ್ಸ್, ಸ್ವೀಟ್ ಕಾರ್ನ್ ಎಲ್ಲಾ ಇರುತ್ತದೆ. ಅದೂ ಚೆನ್ನಾಗಿದೆ. ಆದರೆ ಮೆಕ್ಸಿಕೋದ ಗೆಳತಿಯ ಮನೆಯಲ್ಲಿ ಊಟ ಮಾಡಿದಾಗ ಸಿಕ್ಕಿದ್ದು ಬೇರೆಯೇ. ತೆಳ್ಳಗೆ, ಕಡು ಕೆಂಪು, ಸ್ವಲ್ಪ ಸುಟ್ಟ ಪರಿಮಳ. ಮೇಲೆ ಗರಿಗರಿ ಟೋರ್ಟಿಯಾ ಪಟ್ಟಿಗಳು, ಬೆಣ್ಣೆಹಣ್ಣು, ಕಪ್ಪಗಿನ ಒಣಮೆಣಸಿನಕಾಯಿ ಚೂರು. ಮಕ್ಕಳಿಗೆ ಅಂತ ಶಾವಿಗೆ ಹಾಕಿದ ಟೊಮ್ಯಾಟೊ ಸೂಪ್ ಮಾಡಿದ್ದರು, ಅದನ್ನೂ ನಾವೇ ಮುಗಿಸಿದೆವು.

ಇಂಟರ್‌ನೆಟ್‌ನಲ್ಲಿ ನೋಡಿದರೆ ಒಬ್ಬೊಬ್ಬರದು ಒಂದೊಂದು ಥರ. ಟೊಮ್ಯಾಟೊ, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ. ಸಾಮಾನು ಎಲ್ಲರದೂ ಒಂದೇ, ಆದರೆ ಮನೆಯಲ್ಲಿ ಮಾಡಿದರೆ ಟೊಮ್ಯಾಟೊ ಸಾರಿನ ರುಚಿಯೇ ಬರುತ್ತದೆ. ಆ ಆಳದ ರುಚಿ ಎಲ್ಲಿಂದ ಬರುತ್ತದೆ? ಮೆಕ್ಸಿಕೋದಲ್ಲಿ ಇದ್ದವರು ದಯವಿಟ್ಟು ಹೇಳಿ.

ಗ್ವಾದಲಹಾರಾ ನಿವಾಸಿ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಯಜಮಾನರ ಕೆಲಸದಿಂದ ನಾವು ಮೆಕ್ಸಿಕೋದ ಗ್ವಾದಲಹಾರಾದಲ್ಲಿ ನೆಲೆಸಿದ್ದೇವೆ. ಕೆಳಗಿನ ಮನೆಯ ಅಜ್ಜಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿ ಕಲಿತದ್ದನ್ನು ಹೇಳುತ್ತೇನೆ.

ಗುಟ್ಟು ಸಾಮಾನಿನಲ್ಲಿ ಇಲ್ಲ. ಸುಡುವುದರಲ್ಲಿ ಮತ್ತು ಹುರಿಯುವುದರಲ್ಲಿ ಇದೆ. ನಾವು ಟೊಮ್ಯಾಟೊ ಬೇಯಿಸಿ, ನೀರು ಹಾಕಿ ಕುದಿಸುತ್ತೇವೆ. ಅವರು ಹಾಗೆ ಮಾಡುವುದಿಲ್ಲ. ಕೋಮಾಲ್ ಅನ್ನುವ ಚಪ್ಪಟೆ ಕಾವಲಿಯ ಮೇಲೆ ಎಣ್ಣೆ ಹಾಕದೆ ಇಡೀ ಟೊಮ್ಯಾಟೊ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಒಂದು ದಪ್ಪ ಹೋಳು ಈರುಳ್ಳಿ ಇಟ್ಟು ಸುಡುತ್ತಾರೆ. ಸಿಪ್ಪೆ ಅಲ್ಲಲ್ಲಿ ಕಪ್ಪಾಗಬೇಕು, ಒಳಗೆ ಮೆತ್ತಗಾಗಬೇಕು. ನಮ್ಮ ದೋಸೆ ಕಾವಲಿಯಲ್ಲೇ ಮಾಡಬಹುದು. ಆದರೆ ಹುಳಿಗೆ ಕಾವಲಿಯ ಪಳಗಿದ ಎಣ್ಣೆಪದರ ಹೋಗುತ್ತದೆ, ಹಾಗಾಗಿ ದೋಸೆಗೆ ಇಟ್ಟಿದ್ದನ್ನು ಬಳಸಬೇಡಿ. ಬೇರೆ ಹಳೇ ತವಾ ತೆಗೆದುಕೊಳ್ಳಿ.

ಇನ್ನೊಂದು ಕಡೆ ಒಣಮೆಣಸಿನಕಾಯಿ. ಟೋರ್ಟಿಯಾ ಸೂಪ್‌ಗೆ ಪಸಿಯಾ ಅನ್ನುವ ಜಾತಿ ಬೇಕು. ಉದ್ದ, ತೆಳು, ಕಪ್ಪು ಬಣ್ಣ, ಖಾರ ಕಡಿಮೆ. ತೊಟ್ಟು, ಬೀಜ ತೆಗೆದು ಬಿಸಿ ಕಾವಲಿಯ ಮೇಲೆ ಒಂದೊಂದು ಕಡೆ ಕೆಲವೇ ಸೆಕೆಂಡು ಒತ್ತಿ. ಘಮ ಬಂದ ತಕ್ಷಣ ತೆಗೆದುಬಿಡಿ. ಹೊಗೆ ಬಂದರೆ ಸೂಪ್ ಪೂರ್ತಿ ಕಹಿ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ಅದನ್ನು ಬಿಸಿನೀರಿನಲ್ಲಿ 15 ರಿಂದ 20 ನಿಮಿಷ ನೆನೆಸಿ. ಕುದಿಸಬೇಡಿ.

ನಾಲ್ಕು ಜನಕ್ಕೆ ಅಳತೆ ಹೀಗೆ: ಸುಮಾರು 600 ಗ್ರಾಂ ಹಣ್ಣಾದ ಟೊಮ್ಯಾಟೊ, ಕಾಲು ಭಾಗ ಈರುಳ್ಳಿ, 2 ಎಸಳು ಬೆಳ್ಳುಳ್ಳಿ, ನೆನೆದ ಪಸಿಯಾ 2. ಟೊಮ್ಯಾಟೊದ ಸುಟ್ಟ ಸಿಪ್ಪೆಯನ್ನು ಪೂರ್ತಿ ತೆಗೆಯಬೇಡಿ. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಸೋಸಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ದಪ್ಪ ತಳದ ಪಾತ್ರೆಯಲ್ಲಿ 2 ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ರುಬ್ಬಿದ್ದನ್ನು ಒಮ್ಮೆಲೇ ಸುರಿಯಬೇಕು. ಚುರ್ ಅಂತ ಸಿಡಿಯಬೇಕು, ಅಷ್ಟು ಬಿಸಿ ಇರಬೇಕು. ಆಮೇಲೆ ಉರಿ ತಗ್ಗಿಸಿ 8 ರಿಂದ 10 ನಿಮಿಷ ಕೈಯಾಡಿಸುತ್ತಿರಿ. ಕಿತ್ತಳೆ ಬಣ್ಣದಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಗಟ್ಟಿಯಾಗುತ್ತದೆ, ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಅಲ್ಲಿಯವರೆಗೆ ಸಾರು, ಅಂದರೆ ಕೋಳಿ ಬೇಯಿಸಿ ಸೋಸಿದ ತಿಳಿ ನೀರು, ಹಾಕಬಾರದು. ನಿಮಗೆ ಟೊಮ್ಯಾಟೊ ಸಾರಿನ ರುಚಿ ಬರುತ್ತಿರುವುದು ಈ ಹಂತ ಬಿಟ್ಟಿರುವುದರಿಂದಲೇ ಅನ್ನಿಸುತ್ತದೆ.

ನಂತರ ಸುಮಾರು 1.25 ಲೀಟರ್ ಕೋಳಿ ಸಾರು, ಒಂದು ರೆಂಬೆ ಎಪಸೋಟೆ ಸೊಪ್ಪು, ಉಪ್ಪು. ಸಣ್ಣ ಉರಿಯಲ್ಲಿ 15 ನಿಮಿಷ. ಅಷ್ಟೇ.

ಟೋರ್ಟಿಯಾ ಮಾತ್ರ ಕುದಿಯುವ ಪಾತ್ರೆಗೆ ಬೀಳಲೇಬಾರದು. ಹಿಂದಿನ ದಿನದ ಮೆಕ್ಕೆಜೋಳದ ಟೋರ್ಟಿಯಾ ತೆಗೆದುಕೊಂಡು ಬೆರಳಗಲದ ಪಟ್ಟಿ ಮಾಡಿ. ಸ್ವಲ್ಪ ಹೊತ್ತು ಹರಡಿ ಒಣಗಿಸಿ, ಕಾದ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿಯಿರಿ. ತಟ್ಟೆಗೆ ಮೊದಲು ಪಟ್ಟಿ, ಮೇಲೆ ಬಿಸಿ ಸಾರು, ಆಮೇಲೆ ಬೆಣ್ಣೆಹಣ್ಣು, ಪನೇಲಾ ಚೀಸ್ ತುಂಡು, ಕ್ರೇಮಾ ಅನ್ನುವ ತುಸು ಹುಳಿ ಕೆನೆ, ಕರಿದ ಪಸಿಯಾ ಚೂರು, ನಿಂಬೆ. ಮಾಂಸ ತಿನ್ನುವವರು ಚಿಚರೋನ್, ಅಂದರೆ ಕರಿದ ಹಂದಿ ಚರ್ಮವನ್ನೂ ಹಾಕುತ್ತಾರೆ. ಊಟಕ್ಕೆ ಕೂತವರು ಕೈಗೆ ಸಿಕ್ಕ ಹಾಗೆ ಹಾಕಿಕೊಂಡು ತಿನ್ನುವ ಸೂಪ್ ಇದು.

ಕೊತ್ತಂಬರಿ ಕಟ್ಟು (ಹ್ಯೂಸ್ಟನ್)

ಅಕ್ಕಾ, ಎಷ್ಟು ವಿವರವಾಗಿ ಬರೆದಿದ್ದೀರಿ! ತುಂಬಾ ಥ್ಯಾಂಕ್ಸ್. ಹಿಂದಿನ ದಿನದ ಟೋರ್ಟಿಯಾನೇ ಯಾಕೆ? ಇಲ್ಲಿ ಪ್ಯಾಕೆಟ್‌ನಲ್ಲಿ ಮೆತ್ತಗಿನದು ಸಿಗುತ್ತದೆ. ಮತ್ತೆ ಪಸಿಯಾ ಅಂತ ಬರೆದಿದ್ದ ಪ್ಯಾಕೆಟ್ ನೋಡಿದೆ, ಅದು ಅಗಲವಾಗಿ, ಮುದುಡಿಕೊಂಡು ಇದೆ. ನೀವು ಹೇಳಿದ ಉದ್ದ, ತೆಳು ಅಲ್ಲ.

ಕಡಲತೀರದವ (ಮಂಗಳೂರು)

ಅದು ಆಂಚೊ ಇರಬೇಕು. ಅಮೆರಿಕದ ಅಂಗಡಿಗಳಲ್ಲಿ, ಕ್ಯಾಲಿಫೋರ್ನಿಯಾ ಕಡೆಯಂತೂ, ಆಂಚೊಗೂ ಪಸಿಯಾ ಅನ್ನುತ್ತಾರೆ. ಹೆಸರು ನೋಡಬೇಡಿ, ಆಕಾರ ನೋಡಿ. ಪಸಿಯಾ ಅಂದರೆ ಒಣಗಿದ ಚಿಲಾಕಾ, ಕೋಲಿನಂತೆ ಉದ್ದ. ಆಂಚೊ ಅಂದರೆ ಒಣಗಿದ ಪೊಬ್ಲಾನೊ, ಅಗಲವಾಗಿ ತುಸು ಸಿಹಿ. ಸೂಪ್‌ಗೆ ಆಂಚೊ ಹಾಕಿದರೂ ಒಳ್ಳೆಯದಾಗುತ್ತದೆ, ಸ್ವಲ್ಪ ಸಿಹಿ ಕಡೆಗೆ ಹೋಗುತ್ತದೆ ಅಷ್ಟೇ. ಗ್ವಾಹಿಯೊ ಅನ್ನುವ ಇನ್ನೊಂದು ಒಣಮೆಣಸಿನಕಾಯಿ ಹಾಕುವವರೂ ಇದ್ದಾರೆ. ಅದು ಹೆಚ್ಚು ಕೆಂಪು, ರುಚಿ ಸ್ವಲ್ಪ ತಿಳಿ.

ನಾನು ಮೆಕ್ಸಿಕೋ ಸಿಟಿಯಲ್ಲಿ ಓದುತ್ತಿದ್ದಾಗ ಮಧ್ಯಾಹ್ನದ ಊಟ ಹೆಚ್ಚಾಗಿ ಫೋಂಡಾಗಳಲ್ಲೇ. ನಮ್ಮ ಊರಿನ ಖಾನಾವಳಿಯ ಹಾಗೆ ಮನೆಯವರೇ ನಡೆಸುವ ಜಾಗಗಳು. ಊಟಕ್ಕೆ ಒಂದು ಕ್ರಮ ಇರುತ್ತದೆ. ಮೊದಲು ತೆಳು ಸೂಪ್. ಆಮೇಲೆ ಒಣ ಸೂಪ್ ಅಂತ ಅನ್ನ ಅಥವಾ ಪಾಸ್ತಾ. ಆಮೇಲೆ ಪಲ್ಯ ಅಥವಾ ಮಾಂಸದ ಪದಾರ್ಥ, ಜೊತೆಗೆ ಬಿಸಿ ಟೋರ್ಟಿಯಾ. ಅನ್ನವನ್ನು ಸೂಪ್ ಅನ್ನುವುದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಮಾಡುವ ಕ್ರಮ ನೋಡಿದರೆ ಅರ್ಥವಾಗುತ್ತದೆ. ಎಣ್ಣೆಯಲ್ಲಿ ಹುರಿದು, ಟೊಮ್ಯಾಟೊ ರಸ ಹಾಕಿ, ಸಾರು ಇಂಗುವವರೆಗೆ ಬೇಯಿಸುತ್ತಾರೆ. ಫಿದೇಯೊ ಕೂಡ ಹಾಗೆಯೇ ಎರಡು ರೂಪದಲ್ಲಿ ಬರುತ್ತದೆ, ಸಾರಿನ ಜೊತೆ ಮತ್ತು ಒಣಗಿಸಿ.

ಗ್ವಾದಲಹಾರಾ ನಿವಾಸಿ

ತಾಜಾ ಟೋರ್ಟಿಯಾದಲ್ಲಿ ನೀರಿನಂಶ ಜಾಸ್ತಿ. ಎಣ್ಣೆ ಕುಡಿಯುತ್ತದೆ, ಗರಿಯಾಗುವುದು ನಿಧಾನ. ಇಲ್ಲಿ ಪ್ರತಿ ಬೀದಿಯಲ್ಲೂ ಟೋರ್ಟಿಯಾ ಅಂಗಡಿ ಇರುತ್ತದೆ, ಬಿಸಿಬಿಸಿಯಾಗಿ ಕಿಲೋ ಲೆಕ್ಕದಲ್ಲಿ ತರುತ್ತಾರೆ. ಉಳಿದಿದ್ದು ಮಾರನೇ ದಿನ ಚಿಲಾಕಿಲೆಸ್‌ಗೋ (ಕರಿದ ಟೋರ್ಟಿಯಾ ಚೂರನ್ನು ಸಾಸ್‌ನಲ್ಲಿ ಬೆರೆಸಿದ ತಿಂಡಿ) ಸೂಪ್‌ಗೋ ಹೋಗುತ್ತದೆ. ಯಾರೂ ಬಿಸಾಡುವುದಿಲ್ಲ. ನೀವು ಪ್ಯಾಕೆಟ್‌ನದ್ದನ್ನು ಪಟ್ಟಿ ಮಾಡಿ ಫ್ಯಾನ್ ಕೆಳಗೆ ಒಂದೆರಡು ಗಂಟೆ ಬಿಡಿ, ಸಾಕು. ಓವನ್‌ನಲ್ಲೂ ಗರಿ ಮಾಡಬಹುದು. ಆದರೆ ಕರಿದದ್ದೇ ಸಾರಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಒಂದು ಎಚ್ಚರ. ಗೋಧಿ ಅಥವಾ ಮೈದಾ ಟೋರ್ಟಿಯಾ ಬೇಡವೇ ಬೇಡ. ಸಾರಿಗೆ ಬಿದ್ದರೆ ಅಂಟಂಟಾಗುತ್ತದೆ. ಈ ಸೂಪ್‌ನ ಅರ್ಧ ರುಚಿ ಮೆಕ್ಕೆಜೋಳದ್ದು.

ಬ್ಯಾಡಗಿ ಖಾರ (ಹಾವೇರಿ)

ನಮ್ಮ ಊರಲ್ಲಿ ಪಸಿಯಾ ಎಲ್ಲಿ ಸಿಗಬೇಕು? ಬ್ಯಾಡಗಿ ಹಾಕಿದರೆ ಹೇಗೆ? ಬಣ್ಣ ಇದೆ, ಖಾರ ಕಡಿಮೆ ಇದೆ. ನಾವು ಬೆಳೆಯುವ ಊರಿನವರು, ಮನೆಯಲ್ಲಿ ಚೀಲದ ತುಂಬಾ ಇದೆ.

ಕಡಲತೀರದವ (ಮಂಗಳೂರು)

ಅಣ್ಣಾ, ಮಂಗಳೂರಿಗೆ ವಾಪಸ್ ಬಂದ ಮೇಲೆ ನಾನು ಹಾಕುತ್ತಿರುವುದೇ ಬ್ಯಾಡಗಿ. ಗ್ವಾಹಿಯೊ ಬದಲಿಗೆ ಅದು ಬಹಳ ಹತ್ತಿರ. ಡಬ್ಬಿ ಬ್ಯಾಡಗಿ ಆದರೆ ಇನ್ನೂ ಒಳ್ಳೆಯದು, ದಪ್ಪ ಇರುತ್ತದೆ, ಬಣ್ಣ ಚೆನ್ನಾಗಿ ಬಿಡುತ್ತದೆ. ಆದರೆ ಪಸಿಯಾದಲ್ಲಿ ಒಣಹಣ್ಣಿನ ಥರದ ಒಂದು ಮಂದ ರುಚಿ ಇದೆ, ಅದು ಬ್ಯಾಡಗಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಈರುಳ್ಳಿಯನ್ನು ಸ್ವಲ್ಪ ಜಾಸ್ತಿ ಸುಡಿ, ಟೊಮ್ಯಾಟೊ ರಸವನ್ನು ಇನ್ನೊಂದೆರಡು ನಿಮಿಷ ಜಾಸ್ತಿ ಹುರಿಯಿರಿ. ಗುಂಟೂರು ಮೆಣಸಿನಕಾಯಿ ಮಾತ್ರ ಹಾಕಬೇಡಿ, ಖಾರವೊಂದೇ ಬರುತ್ತದೆ.

ಟೊಮ್ಯಾಟೊ ಬಗ್ಗೆಯೂ ಒಂದು ಮಾತು. ನಾಟಿ ಟೊಮ್ಯಾಟೊ ಬೇಡ. ಹುಳಿ ಜಾಸ್ತಿ, ರಸ ಜಾಸ್ತಿ, ಸೂಪ್ ನೇರವಾಗಿ ಸಾರಿನ ಕಡೆಗೆ ಹೋಗುತ್ತದೆ. ಮೆಕ್ಸಿಕೋದಲ್ಲಿ ಬಳಸುವುದು ಉದ್ದನೆಯ, ತಿರುಳು ಜಾಸ್ತಿ ಇರುವ ಜಾತಿ. ಅದಕ್ಕೆ ನಮ್ಮ ಫಾರಂ ಟೊಮ್ಯಾಟೊನೇ ಹತ್ತಿರ. ಚೆನ್ನಾಗಿ ಹಣ್ಣಾಗಿರಬೇಕು.

ಸಾರಿನ ಪಾತ್ರೆ (ಬೆಂಗಳೂರು)

ನಾವು ಸಸ್ಯಾಹಾರಿಗಳು. ಕೋಳಿ ಸಾರಿಲ್ಲದೆ ಇದನ್ನು ಮಾಡಿದರೆ ಮೆಕ್ಸಿಕೋದವರು ಒಪ್ಪುತ್ತಾರಾ? ಸುಮ್ನೆ ನೀರು ಹಾಕಿದರೆ ಸಪ್ಪೆ ಆಗಲ್ವಾ?

ಗ್ವಾದಲಹಾರಾ ನಿವಾಸಿ

ಖಂಡಿತ ಒಪ್ಪುತ್ತಾರೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮುಖ್ಯವಾಗಿ ಶುಕ್ರವಾರ, ಇಲ್ಲಿನ ಕ್ಯಾಥೊಲಿಕ್ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ಮೀನು ತಿನ್ನುತ್ತಾರೆ, ಆದರೆ ತರಕಾರಿ, ಕಾಳಿನ ಸೂಪ್‌ಗಳೂ ಆಗ ಜಾಸ್ತಿ. ಫಿದೇಯೊ ಸೂಪನ್ನಂತೂ ಬರೀ ನೀರಿನಲ್ಲಿ ಮಾಡುವ ಮನೆಗಳು ಬೇಕಾದಷ್ಟಿವೆ. ಟೊಮ್ಯಾಟೊ ಚೆನ್ನಾಗಿ ಹುರಿದಿದ್ದರೆ ಸಪ್ಪೆ ಅನ್ನಿಸುವುದಿಲ್ಲ.

ಟೋರ್ಟಿಯಾ ಸೂಪ್‌ಗೆ ತರಕಾರಿ ಸಾರು ಮಾಡಿಕೊಳ್ಳಿ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಈರುಳ್ಳಿ, ಕ್ಯಾರೆಟ್, ಕೊತ್ತಂಬರಿ ದಂಟು, ಬೆಳ್ಳುಳ್ಳಿ ಹಾಕಿ ಮುಕ್ಕಾಲು ಗಂಟೆ ಕುದಿಸಿ ಸೋಸಿ. ಜೋಳದ ದಿಂಡು ಬಿಡಬೇಡಿ. ಸಾರಿಗೆ ಒಂದು ಮೈ ಕೊಡುವುದೇ ಅದು.

ಕಡಲತೀರದವ (ಮಂಗಳೂರು)

ಸಸ್ಯಾಹಾರಿಗಳು ಮೂರು ಕಡೆ ನೋಡಿಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ ಟೊಮ್ಯಾಟೊ ಸಾರಿನ ಪುಡಿ, ಕನೋರ್‌ನ ಕಾಲ್ದೊ ದೆ ತೊಮಾತೆ ಥರದ್ದು, ಹೆಸರಿನಲ್ಲಿ ಟೊಮ್ಯಾಟೊ ಇದ್ದರೂ ಕೋಳಿ ಇರುತ್ತದೆ. ಡಬ್ಬಿಯ ಹಿಂದೆ ಓದಿ. ಎರಡನೆಯದು, ಮೆಕ್ಸಿಕೋದ ಚೀಸ್‌ಗೆ ಹಾಲು ಒಡೆಯಲು ರೆನೆಟ್ ಹಾಕುತ್ತಾರೆ, ಅದು ಪ್ರಾಣಿಮೂಲದ್ದೂ ಆಗಿರಬಹುದು. ಪನೀರ್ ಹಾಕಿ, ಚಿಂತೆ ಇಲ್ಲ. ಪನೇಲಾ ಹಾಗೆಯೇ ಅದೂ ಬಿಸಿಗೆ ಕರಗದೆ ತುಂಡಾಗಿಯೇ ಉಳಿಯುತ್ತದೆ. ಮೂರನೆಯದು, ಹೊರಗೆ ತಿಂದರೆ ಹುರಿಯುವುದಕ್ಕೆ ಹಂದಿ ಕೊಬ್ಬು ಬಳಸಿರಬಹುದು, ಕೇಳಿಯೇ ತಿನ್ನಿ.

ಕ್ರೇಮಾ ಬದಲಿಗೆ ತಾಜಾ ಕೆನೆಗೆ ಒಂದು ಚಮಚ ಮೊಸರು ಹಾಕಿ ಕಡೆದರೆ ಸಾಕು.

ಸಾರಿನ ಪಾತ್ರೆ (ಬೆಂಗಳೂರು)

ತುಂಬಾ ಉಪಕಾರವಾಯಿತು ಸರ್. ಎಪಸೋಟೆ ಸೊಪ್ಪಿಗೆ ಏನು ಮಾಡೋದು? ಒಗ್ಗರಣೆಗೆ ಜೀರಿಗೆ ಹಾಕಬಹುದಾ?

ಗ್ವಾದಲಹಾರಾ ನಿವಾಸಿ

ಎಪಸೋಟೆಯ ವಾಸನೆ ಬಹಳ ಗಾಟು. ಮೊದಲ ಸಲ ಮೂಸಿದವರಿಗೆ ಸೀಮೆಎಣ್ಣೆ ನೆನಪಾಗಬಹುದು. ಬೆಂದ ಮೇಲೆ ಅದೇ ಹಿತವಾಗುತ್ತದೆ. ಅದಕ್ಕೆ ಸರಿಸಮ ಇನ್ನೊಂದಿಲ್ಲ. ಸಿಗದಿದ್ದರೆ ಕೊನೆಯಲ್ಲಿ ಸ್ವಲ್ಪ ಕೊತ್ತಂಬರಿ ಹಾಕಿ, ಇಲ್ಲಾ ಬಿಟ್ಟುಬಿಡಿ. ಬದಲಿಗೆ ಓಮ, ಪುದೀನ ಅಂತ ಪ್ರಯತ್ನಿಸಿದರೆ ಸೂಪ್ ದಾರಿ ತಪ್ಪುತ್ತದೆ.

ಜೀರಿಗೆ, ಸಾಸಿವೆ, ಒಗ್ಗರಣೆ ಯಾವುದೂ ಬೇಡ. ನಮ್ಮ ಕೈ ತಾನಾಗಿಯೇ ಅತ್ತ ಹೋಗುತ್ತದೆ, ಗೊತ್ತು. ಈ ಅಡುಗೆ ನಿಂತಿರುವುದು ಮೂರು ನಾಲ್ಕು ರುಚಿಗಳ ಮೇಲೆ. ಅವು ಒಂದೊಂದೂ ತಿಳಿಯಾಗಿ ನಾಲಿಗೆಗೆ ಸಿಗಬೇಕು.

ತೆಂಗಿನ ತೋಟ (ಸ್ಯಾನ್ ಆಂಟೋನಿಯೊ)

ಮೇಡಂ, ಜೀರಿಗೆ ವಿಷಯದಲ್ಲಿ ಸ್ವಲ್ಪ ಬೇರೆ ಅಭಿಪ್ರಾಯ ಹೇಳಬಹುದಾ? ಇಲ್ಲಿ ಟೆಕ್ಸಾಸ್‌ನ ಮೆಕ್ಸಿಕನ್ ಮನೆಗಳಲ್ಲಿ ಫಿದೇಯೊಗೆ ಜೀರಿಗೆ ಹಾಕೇ ಹಾಕುತ್ತಾರೆ. ಬೆಳ್ಳುಳ್ಳಿ ಜೊತೆ ಕಲ್ಲಿನಲ್ಲಿ ಜಜ್ಜಿ ಹಾಕುತ್ತಾರೆ. ಖೀಮಾ, ಆಲೂಗಡ್ಡೆ ಸೇರಿಸಿ ಗಟ್ಟಿಯಾಗಿ ಮಾಡುವುದೂ ಇದೆ. ನಮ್ಮ ಪಕ್ಕದ ಮನೆಯವರು ತಲೆಮಾರುಗಳಿಂದ ಇಲ್ಲೇ ಇದ್ದಾರೆ, ಅವರಿಗೆ ಅದೇ ಅಮ್ಮನ ಕೈ ರುಚಿ. ಅದನ್ನು ಸರಿಯಲ್ಲ ಅನ್ನುವುದು ನ್ಯಾಯ ಅಲ್ಲ ಅಲ್ವಾ?

ಗ್ವಾದಲಹಾರಾ ನಿವಾಸಿ

ನೀವು ಹೇಳಿದ್ದು ಸರಿ. ಟೆಕ್ಸಾಸ್‌ನ ಅಡುಗೆಗೆ ಅದರದೇ ಹಿರಿತನ ಇದೆ. ನಾನು ಹೇಳಿದ್ದು ಮಧ್ಯ ಮೆಕ್ಸಿಕೋ ಕಡೆಯ ಪದ್ಧತಿ. ಕೇಳಿದ ತಂಗಿಗೆ ಬೇಕಿದ್ದದ್ದು ಆ ತೆಳ್ಳಗಿನ ಕಡು ಕೆಂಪು ಸೂಪ್, ಅದರಲ್ಲಿ ಜೀರಿಗೆ ಇರುವುದಿಲ್ಲ.

ಕೊತ್ತಂಬರಿ ಕಟ್ಟು (ಹ್ಯೂಸ್ಟನ್)

ಹೌದು ಅಕ್ಕ, ಅದೇ ಬೇಕು. ಸ್ಯಾನ್ ಆಂಟೋನಿಯೊ ಥರದ್ದನ್ನೂ ಒಂದು ದಿನ ಮಾಡುತ್ತೇನೆ. ಈಗ ಫಿದೇಯೊ ಹೇಳಿ.

ಕಡಲತೀರದವ (ಮಂಗಳೂರು)

ಫಿದೇಯೊ ನಾನು ಹೇಳುತ್ತೇನೆ, ನನಗೆ ಬಹಳ ಇಷ್ಟದ್ದು. ಗೋಧಿಯೂ ಪಾಸ್ತಾ ಮಾಡುವ ಪದ್ಧತಿಯೂ ಸ್ಪೇನಿನವರ ಜೊತೆ ಮೆಕ್ಸಿಕೋಗೆ ಬಂದವು. ಸ್ಪೇನಿಗೆ ಈ ಶಾವಿಗೆ ಅರಬರಿಂದ ಬಂದದ್ದು. ಟೊಮ್ಯಾಟೊ, ಮೆಣಸಿನಕಾಯಿ ಮೆಕ್ಸಿಕೋದವೇ. ಎರಡೂ ಸೇರಿ ಇವತ್ತು ಮೆಕ್ಸಿಕೋದ ಮಕ್ಕಳು ಮೊದಲು ತಿನ್ನುವ ಅಡುಗೆಗಳಲ್ಲಿ ಒಂದಾಗಿದೆ. ಅಂಗಡಿಯಲ್ಲಿ 200 ಗ್ರಾಂ ಪುಟ್ಟ ಪ್ಯಾಕೆಟ್‌ಗಳ ಸಾಲೇ ಇರುತ್ತದೆ. ಶಾವಿಗೆ ಮಾತ್ರ ಅಲ್ಲ, ನಕ್ಷತ್ರ, ಅಕ್ಷರ, ಚಿಪ್ಪು, ಸಣ್ಣ ಗುಂಡು, ಮೊಣಕೈ ಆಕಾರದವೂ ಇವೆ. ತೊಲುಕಾ ಊರಿನ ಲಾ ಮೊದೆರ್ನಾ ಕಂಪನಿ 1920ರಿಂದ ಇದೆ, ಅದರ ಪ್ಯಾಕೆಟ್ ಇಲ್ಲದ ಅಡುಗೆಮನೆ ನಾನು ನೋಡಿಲ್ಲ.

200 ಗ್ರಾಂ ಶಾವಿಗೆಗೆ 2 ದೊಡ್ಡ ಚಮಚ ಎಣ್ಣೆ. ಮಧ್ಯಮ ಉರಿಯಲ್ಲಿ ಬಿಡದೆ ಕೈಯಾಡಿಸುತ್ತಾ ಹುರಿಯಿರಿ. ಉಪ್ಪಿಟ್ಟಿಗೆ ಹುರಿಯುವುದಕ್ಕಿಂತ ಒಂದು ಹಂತ ಮುಂದೆ ಹೋಗಬೇಕು. ಎಲ್ಲಾ ಎಳೆಗಳೂ ಹೊಂಬಣ್ಣ ದಾಟಿ, ಅಲ್ಲಲ್ಲಿ ಕಂದು ಎಳೆಗಳು ಕಾಣಬೇಕು. ಬಿಳಿ ಎಳೆಗಳು ಉಳಿದರೆ ಅವು ಮೊದಲೇ ಕರಗಿ ಸೂಪನ್ನು ಗಂಜಿ ಮಾಡುತ್ತವೆ. ಹಾಗಾಗಿ ಈ ನಾಲ್ಕೈದು ನಿಮಿಷ ಒಲೆ ಬಿಟ್ಟು ಅಲ್ಲಾಡಬೇಡಿ.

3 ಟೊಮ್ಯಾಟೊ, ಕಾಲು ಈರುಳ್ಳಿ, ಒಂದು ಎಸಳು ಬೆಳ್ಳುಳ್ಳಿ ಹಸಿಯಾಗಿಯೇ ರುಬ್ಬಿ ಸೋಸಿ ಇಟ್ಟಿರಿ. ಇದಕ್ಕೆ ಸುಡುವುದು ಕಡ್ಡಾಯ ಅಲ್ಲ, ದಿನಬಳಕೆಯ ಅಡುಗೆ. ಶಾವಿಗೆ ಹುರಿದ ಕೂಡಲೇ ರಸ ಅದರ ಮೇಲೆ ಸುರಿಯಿರಿ. ಉಕ್ಕುತ್ತದೆ, ಮುಖ ಹಿಂದಕ್ಕಿಡಿ. ಮೂರು ನಾಲ್ಕು ನಿಮಿಷ ರಸ ಇಂಗಿ ಬಣ್ಣ ಕಡುವಾಗಲಿ. ಆಮೇಲೆ ಒಂದೂವರೆ ಲೀಟರ್ ಬಿಸಿ ಸಾರು ಅಥವಾ ನೀರು, ಉಪ್ಪು, ಒಂದು ರೆಂಬೆ ಕೊತ್ತಂಬರಿ. 8 ರಿಂದ 10 ನಿಮಿಷ. ಶಾವಿಗೆ ಬೆಂದ ತಕ್ಷಣ ಆರಿಸಿ.

ಒಂದು ವಿಷಯ. ಮೆಕ್ಸಿಕೋ ಸಿಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 92, 93 ಡಿಗ್ರಿಗೇ ಕುದಿಯುತ್ತದೆ, ಬೇಯುವುದಕ್ಕೆ ಹೊತ್ತು ಜಾಸ್ತಿ. ಅಲ್ಲಿನವರು ಬರೆದ ಸಮಯವನ್ನು ಮಂಗಳೂರಿನಲ್ಲೋ ಹ್ಯೂಸ್ಟನ್‌ನಲ್ಲೋ ಹಾಗೇ ಹಿಡಿದರೆ ಶಾವಿಗೆ ಮೆತ್ತಗಾಗಿಬಿಡುತ್ತದೆ. ಗಡಿಯಾರ ನೋಡದೆ ಒಂದು ಎಳೆ ತಿಂದು ನೋಡಿ.

ಸಾರಿನ ಪಾತ್ರೆ (ಬೆಂಗಳೂರು)

ನಮ್ಮ ಶಾವಿಗೆ ಪ್ಯಾಕೆಟ್ ಆಗುತ್ತದಾ?

ಕಡಲತೀರದವ (ಮಂಗಳೂರು)

ಆಗುತ್ತದೆ, ಗಟ್ಟಿ ಗೋಧಿ ರವೆಯದ್ದಾಗಿದ್ದರೆ. ಹುರಿಯದೇ ಇರುವುದನ್ನು ತನ್ನಿ. ಹುರಿದ ಶಾವಿಗೆ ಅಂತ ಬರುತ್ತದಲ್ಲ, ಅದು ಬರೀ ಒಣಗಿಸಿ ಹುರಿದದ್ದು. ಎಣ್ಣೆಯಲ್ಲಿ ಮತ್ತೆ ಹುರಿಯುವಾಗ ಬೇಗ ಸೀದು ಹೋಗುತ್ತದೆ. ಅಕ್ಕಿ ಶಾವಿಗೆ ಇದಕ್ಕೆ ಬೇಡ.

ಗ್ವಾದಲಹಾರಾ ನಿವಾಸಿ

ಒಣ ಫಿದೇಯೊ ಮಾಡುವುದಾದರೆ ಅದೇ ಕ್ರಮ, ಆದರೆ ಸಾರು ಎರಡು ಕಪ್ ಮಾತ್ರ. ರುಬ್ಬುವಾಗ ಒಂದು ಚಿಪೋಟ್ಲೆ ಸೇರಿಸಿ. ಅದು ಹಣ್ಣಾದ ಹಲಪೆನ್ಯೊ ಮೆಣಸಿನಕಾಯಿಯನ್ನು ಹೊಗೆಯಲ್ಲಿ ಒಣಗಿಸಿದ್ದು. ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ, ನೀರು ಇಂಗಿದ ಮೇಲೆ ಐದು ನಿಮಿಷ ಹಾಗೇ ಬಿಡಿ. ಮೇಲೆ ಕ್ರೇಮಾ, ಚೀಸ್, ಬೆಣ್ಣೆಹಣ್ಣು. ನಮ್ಮ ಮನೆಗೆ ನೆಂಟರು ಬಂದರೆ ಇದೇ. ಊರಿಂದ ಬಂದ ಅತ್ತೆಗೂ ಇಷ್ಟವಾಯಿತು.

ತೆಳು ಫಿದೇಯೊ ಸೂಪ್ ಜೊತೆ ಬಾಳೆಹಣ್ಣು ಇಡುತ್ತಾರೆ ನೋಡಿ. ಹಣ್ಣನ್ನು ಬಿಲ್ಲೆ ಮಾಡಿ ಸೂಪ್‌ಗೇ ಹಾಕಿಕೊಂಡು ತಿನ್ನುತ್ತಾರೆ. ನಿಂಬೆ ಹಿಂಡಿದ ಹುಳಿ ಸೂಪ್‌ಗೆ ಆ ಸಿಹಿ ಬಹಳ ಚೆನ್ನಾಗಿ ಹೊಂದುತ್ತದೆ. ಒಮ್ಮೆ ಮಾಡಿ ನೋಡಿ, ಮಕ್ಕಳು ಬಿಡುವುದೇ ಇಲ್ಲ.

ಕಡಕ್ ರೊಟ್ಟಿ (ವಿಜಯಪುರ)

ಎಲ್ಲಾ ಓದಿದೆ, ಬಹಳ ಚಲೋ ಮಾಹಿತಿ. ನನ್ನದೊಂದು ಪ್ರಶ್ನೆ. ಟೋರ್ಟಿಯಾ ಸಿಗದಿದ್ದರೆ ನಮ್ಮ ಕಡಕ್ ಜೋಳದ ರೊಟ್ಟಿ ಮುರಿದು ಹಾಕಬಹುದಾ? ಇಲ್ಲಾ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ ಕರಿದರೆ?

ಕಡಲತೀರದವ (ಮಂಗಳೂರು)

ಕಡಕ್ ರೊಟ್ಟಿ ಹಾಕಿದರೆ ತಿನ್ನುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಆದರೆ ಅದು ಬೇರೆ ಅಡುಗೆ. ನಮ್ಮ ಜೋಳ ಬೇರೆ, ಮೆಕ್ಕೆಜೋಳ ಬೇರೆ. ಅಂಗಡಿಯ ಮೆಕ್ಕೆಜೋಳದ ಹಿಟ್ಟಿನಿಂದಲೂ ಟೋರ್ಟಿಯಾ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಈ ವಿಷಯ ತಿಳಿದುಕೊಳ್ಳಬೇಕಾದದ್ದು.

ಮೆಕ್ಸಿಕೋದಲ್ಲಿ ಒಣ ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ನೆನೆಸುತ್ತಾರೆ. ಸುಣ್ಣಕ್ಕೆ ಕಾಳಿನ ಮೇಲಿನ ಸಿಪ್ಪೆ ಸಡಿಲವಾಗುತ್ತದೆ. ತೊಳೆದು ರುಬ್ಬಿದರೆ ಹಿಟ್ಟು ತಾನೇ ಅಂಟಿಕೊಂಡು ಮುದ್ದೆಯಾಗುತ್ತದೆ. ಟೋರ್ಟಿಯಾದ ಆ ವಿಶೇಷ ಪರಿಮಳವೂ ಇದರಿಂದಲೇ. ಯುರೋಪಿನವರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಅಲ್ಲಿನ ಜನ ಇದನ್ನು ಕಂಡುಕೊಂಡಿದ್ದರು. ಮೆಕ್ಕೆಜೋಳದಲ್ಲಿರುವ ನಯಾಸಿನ್ ಅನ್ನುವ ಜೀವಸತ್ವ ಸುಣ್ಣದಲ್ಲಿ ಬೆಂದಾಗ ಮಾತ್ರ ನಮ್ಮ ದೇಹಕ್ಕೆ ಚೆನ್ನಾಗಿ ಸಿಗುತ್ತದೆ. ಯುರೋಪಿಗೆ ಮೆಕ್ಕೆಜೋಳ ಹೋಯಿತು, ಸುಣ್ಣದ ಈ ಪದ್ಧತಿ ಹೋಗಲಿಲ್ಲ. ಉತ್ತರ ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬರೀ ಮೆಕ್ಕೆಜೋಳ ತಿಂದ ಬಡವರಿಗೆ ನಯಾಸಿನ್ ಕೊರತೆಯ ಪೆಲಾಗ್ರ ಕಾಯಿಲೆ ಬಂತು. ಮೆಕ್ಸಿಕೋದ ಹೆಂಗಸರು ದಿನಾ ಮಾಡುತ್ತಿದ್ದ ಒಂದು ಕೆಲಸದಲ್ಲಿ ಎಷ್ಟು ದೊಡ್ಡ ತಿಳಿವಳಿಕೆ ಇತ್ತು ನೋಡಿ.

ಈ ಹಿಟ್ಟನ್ನೇ ಒಣಗಿಸಿ ಪುಡಿ ಮಾಡಿದ್ದು ಮಸಾ ಹರಿನಾ. ಮಾಸೆಕಾ ಬ್ರ್ಯಾಂಡ್ ಅದನ್ನು 1949ರಿಂದ ಮಾರುತ್ತಿದೆ. ಭಾರತದಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ.

ಕಡಕ್ ರೊಟ್ಟಿ (ವಿಜಯಪುರ)

ಸುಣ್ಣ ಮನೆಯಲ್ಲೇ ಇದೆ, ಮೆಕ್ಕೆಜೋಳವೂ ಬೇಕಾದಷ್ಟು ಸಿಗುತ್ತದೆ. ಹಾಗಾದರೆ ನಾವೇ ಮಾಡಬಹುದಲ್ಲಾ?

ಗ್ವಾದಲಹಾರಾ ನಿವಾಸಿ

ಖಂಡಿತ ಮಾಡಬಹುದು ಅಣ್ಣಾ. ಎಲೆ ಅಡಿಕೆಗೆ ಬಳಸುವ, ತಿನ್ನಲು ಯೋಗ್ಯವಾದ ಸುಣ್ಣವೇ ಆಗಬೇಕು, ಗೋಡೆಗೆ ಬಳಿಯುವುದಲ್ಲ. ಬಣ್ಣ, ಪರಿಮಳ ಬೆರೆಸಿದ್ದೂ ಬೇಡ. ಒಂದು ಕಿಲೋ ಒಣ ಕಾಳಿಗೆ ಸುಮಾರು 10 ಗ್ರಾಂ ಒಣ ಸುಣ್ಣದ ಪುಡಿ, ಎರಡು ಮೂರು ಲೀಟರ್ ನೀರು. ಸ್ಟೀಲ್ ಪಾತ್ರೆಯಲ್ಲೇ ಮಾಡಿ. ಅಲ್ಯುಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಕೈಗೆ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಸಣ್ಣ ಉರಿಯಲ್ಲಿ ಬೇಯಿಸಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು. ನಮ್ಮ ಕಡೆಯ ಮೆಕ್ಕೆಜೋಳ ಗಟ್ಟಿ ಜಾತಿ, ಮುಕ್ಕಾಲು ಗಂಟೆಗಿಂತ ಜಾಸ್ತಿಯೇ ಬೇಕಾಗಬಹುದು. ರಾತ್ರಿ ಬಿಟ್ಟು ಬೆಳಿಗ್ಗೆ ಎರಡು ಮೂರು ನೀರಿನಲ್ಲಿ ತೊಳೆದು, ನೀರು ಬರೀ ಚಿಮುಕಿಸುತ್ತಾ ಕಲ್ಲಿನ ಗ್ರೈಂಡರ್‌ನಲ್ಲಿ ರುಬ್ಬಿ. ಹಿಟ್ಟು ತೆಳುವಾದರೆ ತಟ್ಟಲು ಬರುವುದಿಲ್ಲ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಒತ್ತಿ, ಬಿಸಿ ತವಾದಲ್ಲಿ ಎರಡೂ ಕಡೆ ಬೇಯಿಸಿ. ಸ್ವೀಟ್ ಕಾರ್ನ್ ಇದಕ್ಕೆ ಆಗುವುದೇ ಇಲ್ಲ.

ಅಷ್ಟು ಸಮಯ ಇಲ್ಲದವರು ಉಪ್ಪು, ಮಸಾಲೆ ಇಲ್ಲದ ಸಾದಾ ಟೋರ್ಟಿಯಾ ಚಿಪ್ಸ್ ತನ್ನಿ. ಪರವಾಗಿಲ್ಲ. ಚೀಸ್, ಪೆರಿಪೆರಿ ಸವರಿದ ನಾಚೋಸ್ ಹಾಕಿದರೆ ಮಾತ್ರ ಸೂಪ್ ಕೆಡುತ್ತದೆ.

ಬ್ಯಾಡಗಿ ಖಾರ (ಹಾವೇರಿ)

ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಬೆಳೆದು ಕೋಳಿ ಆಹಾರಕ್ಕೆ ಕಳಿಸುತ್ತೇವೆ. ಸುಣ್ಣದಲ್ಲಿ ಬೇಯಿಸಿ ತಿನ್ನಬಹುದು ಅಂತ ಇವತ್ತೇ ಗೊತ್ತಾಗಿದ್ದು. ಈ ವಾರವೇ ಮನೆಯಲ್ಲಿ ಮಾಡಿಸುತ್ತೇನೆ.

ತೆಂಗಿನ ತೋಟ (ಸ್ಯಾನ್ ಆಂಟೋನಿಯೊ)

ಟೋರ್ಟಿಯಾ ಹಾಕುವ ಬೇರೆ ಸೂಪ್‌ಗಳೂ ಇವೆಯಾ ಮೇಡಂ?

ಗ್ವಾದಲಹಾರಾ ನಿವಾಸಿ

ಊರಿಗೊಂದು ಇದೆ. ಮಿಚೊವಾಕಾನ್ ರಾಜ್ಯದ ಪಾತ್ಸ್ಕ್ವಾರೊ ಕಡೆ ಸೋಪಾ ತರಾಸ್ಕಾ ಮಾಡುತ್ತಾರೆ. ಬೆಂದ ಒಣ ಬೀನ್ಸ್ ಕಾಳನ್ನು ಟೊಮ್ಯಾಟೊ, ಆಂಚೊ ಜೊತೆ ನುಣ್ಣಗೆ ರುಬ್ಬಿ ಮಾಡುವ ದಪ್ಪ ಸೂಪ್. ಸಸ್ಯಾಹಾರಿಗಳಿಗೆ ನನ್ನ ಮೊದಲ ಸಲಹೆ ಅದೇ. ಕೋಳಿ ಸಾರಿಲ್ಲದಿದ್ದರೂ ಹೊಟ್ಟೆ ತುಂಬುತ್ತದೆ, ಬೀನ್ಸ್ ಬೆಂದ ನೀರೇ ಸಾಕು. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸುವಾಗ ಮಾದರಿಯಾಗಿ ತೋರಿಸಿದ್ದು ಈ ಮಿಚೊವಾಕಾನ್ ಅಡುಗೆಯನ್ನೇ.

ಯುಕಟಾನ್ ಕಡೆ ಸೋಪಾ ದೆ ಲಿಮಾ. ಅದರಲ್ಲಿ ಟೊಮ್ಯಾಟೊ ಕಡಿಮೆ, ಅಲ್ಲಿಯದೇ ಒಂದು ಪರಿಮಳದ ನಿಂಬೆ ಜಾತಿಯ ಹಣ್ಣಿನ ರಸ ಮುಖ್ಯ. ಕೋಳಿ ಅಥವಾ ಟರ್ಕಿ ಮಾಂಸ, ಮೇಲೆ ಕರಿದ ಟೋರ್ಟಿಯಾ ಪಟ್ಟಿ. ಮೆಕ್ಸಿಕೋ ಸಿಟಿಯ ತ್ಲಾಲ್ಪಾನ್ ಹೆಸರಿನ ಕಾಲ್ದೊ ತ್ಲಾಲ್ಪೇನ್ಯೊ ಕೂಡ ಇದೆ. ಕಡಲೆಕಾಳು, ತರಕಾರಿ, ಚಿಪೋಟ್ಲೆ ಹಾಕಿದ ಕೋಳಿ ಸಾರು, ಬೆಣ್ಣೆಹಣ್ಣಿನ ಜೊತೆ. ಅದಕ್ಕೆ ಟೋರ್ಟಿಯಾ ಪಟ್ಟಿ ಬೇಕೇಬೇಕು ಅಂತಿಲ್ಲ, ಪಕ್ಕದಲ್ಲಿ ಬಿಸಿ ಟೋರ್ಟಿಯಾ ಇರುತ್ತದೆ.

ಕೊತ್ತಂಬರಿ ಕಟ್ಟು (ಹ್ಯೂಸ್ಟನ್)

ಇವತ್ತು ಟೋರ್ಟಿಯಾ ಸೂಪ್ ಮಾಡಿದೆ! ಟೊಮ್ಯಾಟೊ ರಸವನ್ನು ಇಟ್ಟಿಗೆ ಬಣ್ಣ ಬರುವವರೆಗೆ ಹುರಿದೆ. ಅಕ್ಕಾ, ಅದೇ ರುಚಿ. ಗೆಳತಿಗೆ ಒಂದು ಡಬ್ಬಿ ಕಳಿಸಿದ್ದೆ, ಪಸಿಯಾ ಇನ್ನೊಂದು ಇರಲಿ ಅಂದಳು, ಉಳಿದಂತೆ ಅವರ ಮನೆಯದೇ ಅಂದಳು. ಮಗಳು ಮೂರು ಸಲ ಪಟ್ಟಿ ಹಾಕಿಸಿಕೊಂಡಳು. ಭಾನುವಾರ ಮಾಡಿಟ್ಟು ವಾರದಲ್ಲಿ ಬಳಸಬಹುದಾ?

ಗ್ವಾದಲಹಾರಾ ನಿವಾಸಿ

ಓದಿ ತುಂಬಾ ಖುಷಿಯಾಯಿತು ತಂಗಿ. ಸಾರು ಸೇರಿಸುವ ಮೊದಲಿನ ಹುರಿದ ರಸವನ್ನು ದುಪ್ಪಟ್ಟು ಮಾಡಿ ಫ್ರೀಜರ್‌ನಲ್ಲಿಡಿ, ಎರಡು ತಿಂಗಳು ಚೆನ್ನಾಗಿರುತ್ತದೆ. ಬೇಕಾದಾಗ ಬಿಸಿ ಮಾಡಿ ಸಾರು ಹಾಕಿದರೆ ಇಪ್ಪತ್ತು ನಿಮಿಷದ ಕೆಲಸ. ಅದೇ ರಸ ಫಿದೇಯೊಗೂ ಆಗುತ್ತದೆ, ಮೆಣಸಿನಕಾಯಿ ಇದ್ದರೂ ಪರವಾಗಿಲ್ಲ. ಕರಿದ ಪಟ್ಟಿ ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ದಿನ ಇರುತ್ತದೆ. ಬೆಂದ ಫಿದೇಯೊ ಮಾತ್ರ ಇಡಬೇಡಿ. ಶಾವಿಗೆ ಸಾರನ್ನೆಲ್ಲಾ ಕುಡಿದು ಊದಿಕೊಳ್ಳುತ್ತದೆ. ಉಳಿದರೆ ಮಾರನೇ ದಿನ ಸ್ವಲ್ಪ ಬಿಸಿನೀರು, ನಿಂಬೆ ಹಾಕಿ ಮುಗಿಸಿಬಿಡಿ.